ಓದುಗರ ಪ್ರಶ್ನೆ: ಪೆಂಟೋಡ್ ಮುಂದೆ ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್

ಪ್ರಶ್ನೆ: ನನ್ನ ವಾಲ್ವ್ ಆಂಪ್ಲಿಫೈಯರ್‌ನಲ್ಲಿ, ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ 1:1 ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್ (ಒಂದು ಹಂತದ ಸಿಗ್ನಲ್ಲನ್ನು ಮುಂದಿನ ಹಂತಕ್ಕೆ ದಾಟಿಸುವಂಥದ್ದು) ಮೂಲಕ ಇಎಲ್84 ಪೆಂಟೋಡ್‌ನಿಂದ (ಐದು ಎಲೆಕ್ಟ್ರೋಡಿನ ವಾಲ್ವ್) ಔಟ್‌ಪುಟ್ಟಿನ 2ಎ3 ವಾಲ್ವ್ ಓಡಿಸುತ್ತಿದ್ದೇನೆ. ಪ್ಲೇಟಿಗೆ 250 ವೋಲ್ಟ್, 20 ಮಿಲಿಆಂಪ್. ತಬಲಾದ ಡಗ್ಗಾ ಕೇಳಿಸುವುದೇ ಇಲ್ಲ, ತಂಬೂರಿ ಕಿವಿಗೆ ಚುಚ್ಚುತ್ತದೆ. ಟ್ರಾನ್ಸ್‌ಫಾರ್ಮರ್ ಕೆಟ್ಟದ್ದೇ?
– ಓದುಗರು, ಡೊಂಬಿವಲಿ

ಉತ್ತರ: ಟ್ರಾನ್ಸ್‌ಫಾರ್ಮರನ್ನು ಬೈಯುವ ಮೊದಲು ಅದರ ಇಂಡಕ್ಟನ್ಸ್ (ಸುತ್ತು ಎಸಿಯನ್ನು ತಡೆಯುವ ಗುಣ) ಅಳೆಯಿರಿ. ಆಂಪ್ಲಿಫೈಯರ್‌ನಿಂದ ಪೂರ್ತಿ ಬಿಚ್ಚಿ, ಸೆಕೆಂಡರಿ (ಸಿಗ್ನಲ್ ಹೊರಹೋಗುವ ಸುತ್ತು) ಖಾಲಿ ಬಿಟ್ಟು, ಪ್ರೈಮರಿಗೆ (ಒಳಬರುವ ಸುತ್ತು) 1 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ 12 ವೋಲ್ಟ್ ಎಸಿ ಕೊಡಿ. ನೇರ ಮೇನ್ಸ್ ಮಾತ್ರ ಬೇಡವೇ ಬೇಡ. ರೆಸಿಸ್ಟರ್ ಮೇಲೆ 1.9 ವೋಲ್ಟ್ ಬಂದರೆ ಪ್ರೈಮರಿ ಸುಮಾರು 20 ಹೆನ್ರಿ.

ಈ ಅಳತೆಯ ಟ್ರಾನ್ಸ್‌ಫಾರ್ಮರ್ ಒಳ್ಳೆಯದೇ. ತೊಂದರೆ ಪೆಂಟೋಡ್‌ನ ಪ್ಲೇಟ್ ರೆಸಿಸ್ಟೆನ್ಸಿನಲ್ಲಿದೆ, ಅಂದರೆ ಸಿಗ್ನಲ್ಲಿಗೆ ವಾಲ್ವ್ ಒಡ್ಡುವ ಒಳ ರೆಸಿಸ್ಟೆನ್ಸಿನಲ್ಲಿ. ಇಎಲ್84ಕ್ಕೆ ಅದು 48 ಮಿಲಿಆಂಪ್‌ನಲ್ಲೇ 38 ಕಿಲೋಓಮ್, 20ಕ್ಕೆ ಇಳಿಸಿದರೆ ಇನ್ನೂ ಹೆಚ್ಚು. 38,000ವನ್ನು 6.28 × 20ರಿಂದ ಭಾಗಿಸಿ: 300 ಹರ್ಟ್ಸ್. ಅದರ ಕೆಳಗಿನದೆಲ್ಲ ಸೊರಗುತ್ತದೆ, ಡಗ್ಗಾ ಹೋದದ್ದು ಅಲ್ಲೇ. ಮೇಲ್ತುದಿಯಲ್ಲಿ ಲೀಕೇಜ್ ಇಂಡಕ್ಟನ್ಸೂ (ಎರಡು ಸುತ್ತುಗಳ ಜೋಡಣೆ ತಪ್ಪಿಸಿಕೊಂಡ ಭಾಗ) ಸುತ್ತುಗಳ ಕೆಪಾಸಿಟನ್ಸೂ ಸೇರಿ ಅನುರಣಿಸುತ್ತವೆ; ಅದಕ್ಕೆ ಲಗಾಮು ಹಾಕುವಷ್ಟು ಕಡಿಮೆ ರೆಸಿಸ್ಟೆನ್ಸ್ ಪೆಂಟೋಡ್‌ಗಿಲ್ಲ. ಚುಚ್ಚುವುದು ಅದೇ.

ಸ್ಕ್ರೀನ್ ಗ್ರಿಡ್ಡನ್ನು ಪ್ಲೇಟಿಗೆ ಸೇರಿಸಿ ಇಎಲ್84 ಅನ್ನು ಟ್ರಯೋಡ್ (ಮೂರು ಎಲೆಕ್ಟ್ರೋಡಿನ ವಾಲ್ವ್‌ನಂತೆ) ಮಾಡಿಬಿಡಿ, ನಮ್ಮ ಸಲಹೆ ಇದೇ. ಕರೆಂಟ್ ತೆಗೆದು, ಫಿಲ್ಟರ್ ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರಿನಲ್ಲಿ ನೋಡಿಕೊಳ್ಳಿ. 9ನೇ ಪಿನ್ನಿನಿಂದ (ಸ್ಕ್ರೀನ್) ಸ್ಕ್ರೀನ್ ರೆಸಿಸ್ಟರನ್ನೂ ಬೈಪಾಸ್ ಕೆಪಾಸಿಟರನ್ನೂ ಬಿಚ್ಚಿ. ಕೆಪಾಸಿಟರ್ ಮರೆತು ಬಿಟ್ಟರೆ ಪ್ಲೇಟಿನ ಸಿಗ್ನಲ್ ನೇರ ಗ್ರೌಂಡಿಗೆ ಹೋಗುತ್ತದೆ. ಅನೇಕರು ಎಡವುವುದು ಇಲ್ಲೇ. 9 ಮತ್ತು 7ನೇ (ಪ್ಲೇಟ್) ಪಿನ್ನುಗಳ ನಡುವೆ, ಸಾಕೆಟ್ಟಿಗೆ ಒತ್ತಿಕೊಂಡಂತೆ, 100 ಓಮ್ ಅರ್ಧ ವ್ಯಾಟ್ ರೆಸಿಸ್ಟರ್ ಬೆಸೆಯಿರಿ. 2ನೇ ಪಿನ್ನಿಗೆ (ಗ್ರಿಡ್) 1 ಕಿಲೋಓಮ್ ಗ್ರಿಡ್ ಸ್ಟಾಪರ್ (ಬೇಡದ ಆಂದೋಲನ ತಡೆಯುವ ರೆಸಿಸ್ಟರ್) ಇರಲಿ. ಕ್ಯಾಥೋಡ್‌ಗೆ 560 ಓಮ್ ಹಾಕಿ ಶುರು ಮಾಡಿ. ಅದರ ಮೇಲೆ 11 ವೋಲ್ಟ್ ಸುಮಾರಿಗೆ ಬಂದರೆ 20 ಮಿಲಿಆಂಪ್ ಹರಿಯುತ್ತಿದೆ. ಈಗ ಪ್ಲೇಟ್ ರೆಸಿಸ್ಟೆನ್ಸ್ 2ರಿಂದ 2.5 ಕಿಲೋಓಮ್, ಕೆಳಮಿತಿ 16ರಿಂದ 20 ಹರ್ಟ್ಸ್. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಸುಮಾರು 19ಕ್ಕೆ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಅಷ್ಟು ಗೇನ್ ಸಾಲದು ಎನ್ನುವವರು ಪೆಂಟೋಡಾಗಿಯೇ ಉಳಿಸಿ, ಸೆಕೆಂಡರಿಗೆ ಅಡ್ಡಲಾಗಿ 4.7 ಕಿಲೋಓಮ್ 1 ವ್ಯಾಟ್ ಹಾಕಬಹುದು. ಗೇನ್ 30ರ ಆಸುಪಾಸು, ಕೆಳಮಿತಿ 33 ಹರ್ಟ್ಸ್. ಆದರೆ ಡಿಸ್ಟಾರ್ಷನ್ ಟ್ರಯೋಡ್‌ಗಿಂತ ಹೆಚ್ಚು.

ಟ್ರಯೋಡ್ ಮಾಡಿದ ಮೇಲೂ ತಂಬೂರಿ ಚುಚ್ಚಿದರೆ 1 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ ಕೊಟ್ಟು ಸ್ಕೋಪಿನಲ್ಲಿ ನೋಡಿ. ಅಂಚು ಕಂಪಿಸುತ್ತಿದ್ದರೆ ಸೆಕೆಂಡರಿಗೆ 47 ಕಿಲೋಓಮ್ ಅಡ್ಡ ಹಾಕಿ, ಅಂಚು ನೇರವಾಗುವವರೆಗೆ 22ರತ್ತ ಇಳಿಸುತ್ತ ಬನ್ನಿ.

ಪ್ರಶ್ನೆ: ಜೂನ್ ಬಂದರೆ ಸಾಕು, 2ಎ3 ಪ್ಲೇಟ್ ಕೆಂಪಗಾಗುತ್ತದೆ. ಮೈನಸ್ 45 ವೋಲ್ಟ್ ಇರಬೇಕಾದ ಫಿಕ್ಸೆಡ್ ಬಯಾಸ್ (ಗ್ರಿಡ್ಡಿಗೆ ಕೊಡುವ ಸ್ಥಿರ ನೆಗೆಟಿವ್ ವೋಲ್ಟೇಜ್) ಮೈನಸ್ 18ಕ್ಕೆ ಬಂದಿದೆ.
– ಓದುಗರು, ಮಡಗಾಂವ್

ಉತ್ತರ: ತಕ್ಷಣ ಆರಿಸಿ. ಗೋವಾದ ಮಳೆಗಾಲದ ತೇವ ಸುತ್ತುಗಳ ನಡುವಿನ ಕಾಗದಕ್ಕೆ ಇಳಿದಿರಬೇಕು. ನಿಮ್ಮ ಸರ್ಕ್ಯೂಟ್ ಚಿತ್ರದಲ್ಲಿ ಬಯಾಸ್ 100 ಕಿಲೋಓಮ್ ಮೂಲಕ ಸೆಕೆಂಡರಿಗೆ ಬರುತ್ತದೆ. ಪ್ರೈಮರಿಯ 250 ವೋಲ್ಟಿನಿಂದ 1 ಮೆಗಾಓಮ್‌ನಷ್ಟು ಸೋರಿದರೂ ಬಯಾಸ್ 27 ವೋಲ್ಟ್ ಮೇಲೇರುತ್ತದೆ. ನಿಮ್ಮ ಮೈನಸ್ 18 ಸರಿಯಾಗಿ ಅಲ್ಲಿಗೇ ಬರುತ್ತದೆ. ಸಾಮಾನ್ಯ ಮೀಟರಿನ ಕಡಿಮೆ ವೋಲ್ಟೇಜಿಗೆ ಈ ಸೋರಿಕೆ ಸಿಗದೆ ಹೋಗಬಹುದು. ಎರಡೂ ಸುತ್ತುಗಳನ್ನು ಬಿಚ್ಚಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಿ. 100 ಮೆಗಾಓಮ್‌ಗಿಂತ ಸಾಕಷ್ಟು ಮೇಲಿರಬೇಕು. ಇಲ್ಲದಿದ್ದರೆ 70–80 ಡಿಗ್ರಿಯಲ್ಲಿ ಆರೆಂಟು ಗಂಟೆ ಒಣಗಿಸಿ, ಬಿಸಿಯಿರುವಾಗಲೇ ವಾರ್ನಿಷ್‌ನಲ್ಲಿ ಅದ್ದಿಸಿ. ತಂತಿಯ ತುದಿಯಲ್ಲಿ ಹಸಿರು ಕಿಲುಬು ಕಂಡರೆ ಒಣಗಿಸಿ ಪ್ರಯೋಜನವಿಲ್ಲ, ಹೊಸದಾಗಿ ಸುತ್ತಿಸಬೇಕು.

ಪ್ರಶ್ನೆ: ಕೋರಿನಲ್ಲಿ ಗ್ಯಾಪ್ (ಕಬ್ಬಿಣದ ತಿರುಳಿನಲ್ಲಿ ಬಿಡುವ ಸಣ್ಣ ಸಂದು) ಇಲ್ಲದ ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್ ನಡೆಯುತ್ತದೆಯೇ?
– ಓದುಗರು, ಪುಣೆ

ಉತ್ತರ: ಡಿಸಿ ಹರಿಸಿದರೆ ಇಲ್ಲ, ಕೋರ್ ಸ್ಯಾಚುರೇಟ್ ಆಗಿ (ಕಾಂತತ್ವ ತುಂಬಿಹೋಗಿ) ಇಂಡಕ್ಟನ್ಸ್ ಕುಸಿಯುತ್ತದೆ. ಹಾಗಾಗಿ ಡಿಸಿ ಪ್ರೈಮರಿಗೆ ಹೋಗದಂತೆ ಮಾಡಿ. ಟ್ರಯೋಡ್ ಮಾಡಿದ ಇಎಲ್84ರ ಪ್ಲೇಟಿಗೆ 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರ್ ಹಾಕಿ, 4.7 ಮೈಕ್ರೋಫ್ಯಾರಡ್ 630 ವೋಲ್ಟ್ ಫಿಲ್ಮ್ ಕೆಪಾಸಿಟರ್ ಮೂಲಕ ಪ್ರೈಮರಿಗೆ ಕೊಡಿ, ಇನ್ನೊಂದು ತುದಿ ಗ್ರೌಂಡಿಗೆ. 20 ಮಿಲಿಆಂಪ್‌ಗೆ ಆ ರೆಸಿಸ್ಟರಿನಲ್ಲೇ 200 ವೋಲ್ಟ್ ಇಳಿಯುವುದರಿಂದ ಸಪ್ಲೈ 450 ವೋಲ್ಟ್ ಸುಮಾರಿಗೆ ಬೇಕು.