ಕಾಂಟ್ರಾ ಡಾನ್ಸ್ ಸಂಜೆ: ಯಾವ ಕುಣಿತ ಮೊದಲು, ಯಾವಾಗ ಕೂಗಬೇಕು?

ಈ ಸಲದ ಅಂಕಣ ಪೂರ್ತಿ ಕಾಂಟ್ರಾ ಡಾನ್ಸ್‌ಗೆ. ಕೇಳಿದವರೆಲ್ಲ ಅಮೆರಿಕದಲ್ಲಿರುವ ಓದುಗರು, ಒಬ್ಬೊಬ್ಬರಿಗೂ ಬೇರೆ ಬೇರೆ ತಲೆನೋವು. ಇದೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಕಂಟ್ರಿ ಡಾನ್ಸ್‌ನಿಂದ ಬೆಳೆದು, ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಬೇರು ಬಿಟ್ಟ ಸಾಮೂಹಿಕ ಕುಣಿತ ಇದು. ಜೋಡಿಗಳು ಉದ್ದ ಸಾಲಿನಲ್ಲಿ ನಿಲ್ಲುತ್ತಾರೆ. ಪಿಟೀಲು, ಪಿಯಾನೋ, ಗಿಟಾರ್ ಇರುವ ಬ್ಯಾಂಡ್ ಎದುರಿಗೇ ಕೂತು ನುಡಿಸುತ್ತದೆ. ಮುಂದಿನ ಚಲನೆ ಯಾವುದೆಂದು ಮೈಕ್ ಹಿಡಿದು ಹೇಳುವವರು ಕಾಲರ್. ಒಂದು ಸುತ್ತು ಅಂದರೆ 64 ಬೀಟ್. ಅದು ಮುಗಿಯುವಷ್ಟರಲ್ಲಿ ಪ್ರತಿ ಜೋಡಿಯೂ ಸಾಲಿನಲ್ಲಿ ಒಂದು ಸ್ಥಾನ ಸರಿದು ಹೊಸ ನೆರೆಯವರ ಎದುರು ಬಂದಿರುತ್ತದೆ, ಮತ್ತೆ ಅದೇ ಚಲನೆಗಳು ಮೊದಲಿನಿಂದ.

ಪ್ರಶ್ನೆ: ಬಹಳ ದಿನದಿಂದ ಕುಣಿಯುತ್ತಿದ್ದೇನೆ, ಆಗೊಮ್ಮೆ ಈಗೊಮ್ಮೆ ಒಂದೊಂದು ಡಾನ್ಸ್ ಕಾಲ್ ಮಾಡಿದ್ದೂ ಇದೆ. ಈಗ ಪೂರ್ತಿ ಸಂಜೆ ನೀವೇ ನಡೆಸಿ ಅಂದಿದ್ದಾರೆ. ಎಷ್ಟು ಡಾನ್ಸ್ ಇಟ್ಟುಕೊಳ್ಳಬೇಕು, ಯಾವುದು ಮೊದಲು ಯಾವುದು ಕೊನೆಗೆ, ಒಂದೂ ತೋಚುತ್ತಿಲ್ಲ.

ಲೆಕ್ಕ ಸುಲಭ, ಅದನ್ನು ಮೊದಲು ಮುಗಿಸೋಣ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ 64 ಬೀಟ್‌ಗೆ 32 ಸೆಕೆಂಡ್ ಬೇಕು. 15 ಸುತ್ತು ಹಾಕಿದರೆ 8 ನಿಮಿಷ. ಅದಕ್ಕೆ ಸಾಲು ಕಟ್ಟುವುದು, ವಾಕ್-ಥ್ರೂ (ಸಂಗೀತ ಇಲ್ಲದೆ ಚಲನೆಗಳನ್ನು ಒಮ್ಮೆ ನಡೆದು ನೋಡುವುದು), ಜನ ನೀರು ಕುಡಿದು ಹೊಸ ಜೋಡಿ ಹುಡುಕಿಕೊಳ್ಳುವುದು ಎಲ್ಲ ಸೇರಿಸಿ. ಮೂರು ಗಂಟೆಯ ಸಂಜೆಯಲ್ಲಿ ಮಧ್ಯದ ವಿರಾಮ, ವಿರಾಮಕ್ಕೆ ಮುಂಚೆ ಒಂದು ವಾಲ್ಟ್ಸ್ (ಮೂರು ಬೀಟ್ ತಾಳದ ಜೋಡಿ ಕುಣಿತ), ಕೊನೆಗೊಂದು ವಾಲ್ಟ್ಸ್ ಕಳೆದರೆ 10ರಿಂದ 12 ಡಾನ್ಸ್ ಹಿಡಿಯುತ್ತವೆ. ಆದರೆ ಬರುವಾಗ ಅದರ ಎರಡರಷ್ಟು ಕಾರ್ಡ್ ಜೇಬಿನಲ್ಲಿರಲಿ, ಒಂದೊಂದರಲ್ಲಿ ಒಂದು ಡಾನ್ಸ್‌ನ ಚಲನೆಗಳನ್ನು ಬರೆದಿಟ್ಟದ್ದು. ಹೆಚ್ಚುವರಿ ಕಾರ್ಡ್‌ಗಳಲ್ಲಿ ಬಹುಪಾಲು ಸುಲಭದ ಡಾನ್ಸ್‌ಗಳೇ ಇರಲಿ. ಮನೆಯಲ್ಲಿ ಕೂತು ಬರೆದ ಪಟ್ಟಿ ಬಾಗಿಲಲ್ಲಿ ಒಳಗೆ ಬರುವ ಜನರನ್ನು ನೋಡಿದ ತಕ್ಷಣ ಬದಲಾಗುತ್ತದೆ, ಬದಲಾಗಬೇಕು ಕೂಡ.

ಇನ್ನು ಕ್ರಮ. ನನ್ನ ಮಟ್ಟಿಗೆ ಒಂದೇ ಅಳತೆಗೋಲು: ಈ ಡಾನ್ಸ್‌ನಲ್ಲಿ ನಾನು ಎಷ್ಟು ಬೇಗ ಬಾಯಿ ಮುಚ್ಚಬಹುದು? ಜನ ಬಂದಿರುವುದು ಸಂಗೀತ ಕೇಳುತ್ತಾ ಕುಣಿಯಲು, ನಿಮ್ಮ ದನಿ ಕೇಳಲು ಅಲ್ಲ, ಅಲ್ವಾ? ನಾಲ್ಕೈದು ಸುತ್ತಿನೊಳಗೆ ಕಾಲರ್ ಇಲ್ಲದೆಯೂ ಸಾಲು ತಾನಾಗಿ ಓಡಬೇಕು. ಮೊದಲ ಡಾನ್ಸ್ ಹೇಗಿರಬೇಕು ಅಂದರೆ ಹೀಗೆ (ಎ1, ಎ2, ಬಿ1, ಬಿ2 ಅಂದರೆ ಒಂದು ಸುತ್ತಿನ ಸಂಗೀತದ ನಾಲ್ಕು ಭಾಗ, ಒಂದೊಂದು 16 ಬೀಟ್):

ಎ1: ನೆರೆಯವರ ಜೊತೆ ಬ್ಯಾಲೆನ್ಸ್ (ಕೈಹಿಡಿದು ಹತ್ತಿರ ಬಂದು ಹಿಂದೆ ಸರಿಯುವುದು) ಮತ್ತು ಸ್ವಿಂಗ್ (ಇಬ್ಬರೂ ಹಿಡಿದುಕೊಂಡು ಇದ್ದಲ್ಲೇ ಸುತ್ತುವುದು), 16 ಬೀಟ್.
ಎ2: ಲಾಂಗ್ ಲೈನ್ಸ್, ಅಂದರೆ ಎರಡೂ ಬದಿಯ ಉದ್ದ ಸಾಲುಗಳು ಕೈಹಿಡಿದು ಮುಂದಕ್ಕೆ-ಹಿಂದಕ್ಕೆ 8, ನಾಲ್ವರೂ ಕೈಹಿಡಿದು ಎಡಕ್ಕೆ ಮುಕ್ಕಾಲು ಸುತ್ತು 8.
ಬಿ1: ಸ್ವಂತ ಜೊತೆಗಾರರ ಜೊತೆ ಬ್ಯಾಲೆನ್ಸ್ ಮತ್ತು ಸ್ವಿಂಗ್ 16.
ಬಿ2: ಮತ್ತೆ ಎಡಕ್ಕೆ ಮುಕ್ಕಾಲು ಸುತ್ತು 8, ಕೈ ಬಿಡದೆ ಬ್ಯಾಲೆನ್ಸ್ 4, ಎದುರಿನವರನ್ನು ದಾಟಿ ಮುಂದಿನ ನೆರೆಯವರ ಬಳಿಗೆ 4.

ನೋಡಿ, ಇದರಲ್ಲಿ ಕಲಿಯಬೇಕಾದ್ದು ಸ್ವಿಂಗ್ ಒಂದೇ. ಹೊಸಬರು ಸಂಜೆಯುದ್ದಕ್ಕೂ ಅನುಭವಸ್ಥರ ಕೈಯಲ್ಲೇ ಇರುತ್ತಾರೆ, ತಪ್ಪಿದರೂ ಯಾರೋ ಒಬ್ಬರು ಎಳೆದುಕೊಳ್ಳುತ್ತಾರೆ. ಎರಡನೆಯದರಲ್ಲೋ ಮೂರನೆಯದರಲ್ಲೋ ಚೈನ್ ತನ್ನಿ, ಅಂದರೆ ಇಬ್ಬರು ಬಲಗೈ ಹಿಡಿದು ಪರಸ್ಪರ ದಾಟಿ ಆಚೆ ಬದಿಗೆ ಹೋಗುವ ಚಲನೆ. ಹೇ ಅಂದರೆ ನಾಲ್ವರು ಜಡೆ ಹೆಣೆದ ಹಾಗೆ ಒಬ್ಬರನ್ನೊಬ್ಬರು ದಾಟಿ ಹೋಗುವ ಚಲನೆ, ಅದಕ್ಕೆ ಇನ್ನೂ ಸ್ವಲ್ಪ ಕಾಯಿರಿ. ಒಂದು ಸಲಕ್ಕೆ ಒಂದೇ ಹೊಸ ವಿಷಯ. ಅತಿ ಕಷ್ಟದ್ದನ್ನು ನಾನು ವಿರಾಮಕ್ಕೆ ಒಂದೆರಡು ಡಾನ್ಸ್ ಮುಂಚೆ ಇಡುತ್ತೇನೆ. ಅಷ್ಟೊತ್ತಿಗೆ ಮೈ ಕಾದಿರುತ್ತದೆ, ತಲೆ ಇನ್ನೂ ದಣಿದಿರುವುದಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಜಾಣತನ ತೋರಿಸಲು ಹೋಗಬೇಡಿ. ಕೊನೆಯ ಕಾಂಟ್ರಾದಲ್ಲಿ ಗೊತ್ತಿರುವ ಚಲನೆಗಳು, ಎರಡು ಒಳ್ಳೆಯ ಸ್ವಿಂಗ್, ಜೋರು ಸಂಗೀತ, ಸಾಕು.

ಇನ್ನೊಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಅಡ್ಡಕ್ಕೆ ಚಲನೆಗಳ ಹೆಸರು, ಕೆಳಕ್ಕೆ ಡಾನ್ಸ್‌ಗಳ ಹೆಸರು ಬರೆದು ಗುರುತು ಹಾಕುತ್ತಾ ಹೋಗಿ. ಮೂರು ಡಾನ್ಸ್ ಸಾಲಾಗಿ ಒಂದೇ ರೀತಿ ಶುರುವಾಗುತ್ತಿವೆಯೋ, ಮೊದಲ ಅರ್ಧದಲ್ಲಿ ಚೈನ್ ಐದು ಸಲ ಬಂದಿದೆಯೋ, ಕಣ್ಣಿಗೆ ಹೊಡೆಯುತ್ತದೆ. ಬರೀ ಕಾರ್ಡ್ ಓದಿದರೆ ಇದು ಕಾಣುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಎಲ್ಲ ಬಾಯಿಪಾಠ. ಮೈಕ್ ಹಿಡಿದರೆ ನನ್ನ ಕಾಲ್ ಯಾವಾಗಲೂ ತಡ. ಜನ ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ.

ಚಲನೆ ಶುರುವಾಗುವ ಬೀಟ್‌ನಲ್ಲಿ ನೀವು ಬಾಯಿ ತೆರೆಯುತ್ತಿದ್ದೀರಿ, ಅದೇ ತೊಂದರೆ. ಸ್ಟಾಪ್ ದಾಟಿದ ಮೇಲೆ ಕಂಡಕ್ಟರ್ ಹೆಸರು ಕೂಗಿದರೆ ಇಳಿಯುವವರು ಏನು ಮಾಡಬೇಕು? ಕಾಲ್‌ನ ಕೊನೆಯ ಪದ ಹಿಂದಿನ ಚಲನೆಯ ಕೊನೆಯ ಬೀಟ್‌ಗೆ ಮುಗಿಯಬೇಕು, ಆಗ ಹೊಸ ಚಲನೆಯ ಮೊದಲ ಬೀಟ್‌ಗೆ ಕಾಲು ತಾನಾಗಿ ಎದ್ದಿರುತ್ತದೆ. ಮೇಲಿನ ಡಾನ್ಸ್‌ನಲ್ಲೇ ನೋಡಿ. ಲಾಂಗ್ ಲೈನ್ಸ್‌ಗೆ 8 ಬೀಟ್. ಮೊದಲ ನಾಲ್ಕಕ್ಕೆ ಜನ ಮುಂದೆ ಹೋಗುತ್ತಾರೆ, ನೀವು ಸುಮ್ನಿರಿ. ಅವರು ಹಿಂದೆ ಬರುವಾಗ 5, 6, 7, 8ರ ಮೇಲೆ «ಸರ್ಕಲ್ ಲೆಫ್ಟ್ ಥ್ರೀ ಕ್ವಾರ್ಟರ್ಸ್» ಕೂರಿಸಿ. ನಾಲ್ಕು ಬೀಟ್, ನಾಲ್ಕು ಪೆಟ್ಟು. ಸ್ವಿಂಗ್ ನಡೆಯುವಾಗ ನಿಮಗೆ ಬೇಕಾದಷ್ಟು ಬಿಡುವು ಇರುತ್ತದೆ. ಅದರಲ್ಲಿ ಏನಾದರೂ ಹರಟೋಣ ಅನ್ನಿಸುತ್ತದೆ, ಹರಟಬೇಡಿ.

ಮೊದಲ ಎರಡು ಮೂರು ಸುತ್ತು ಪೂರ್ತಿ ವಾಕ್ಯ ಹೇಳಿ: ಯಾರು, ಯಾವ ಕೈ, ಏನು, ಎಷ್ಟು ಸುತ್ತು, ಇದೇ ಕ್ರಮದಲ್ಲಿ. «ಅಲೆಮಾಂಡ್ ಲೆಫ್ಟ್ ಒಂದೂವರೆ» (ಎಡಗೈ ಹಿಡಿದು ಒಂದೂವರೆ ಸುತ್ತು) ಅಂದ ಮೇಲೆ «ಲಾರ್ಕ್‌ಗಳು» (ಜೋಡಿಯ ಎರಡು ಪಾತ್ರ ಲಾರ್ಕ್ ಮತ್ತು ರಾಬಿನ್, ಅದರಲ್ಲೊಂದು) ಅಂತ ಸೇರಿಸಿದರೆ ಅಷ್ಟರಲ್ಲಿ ಎಲ್ಲರೂ ಎಡಗೈ ಚಾಚಿರುತ್ತಾರೆ. ಆಮೇಲೆ ಒಂದೊಂದೇ ಪದ ಕಡಿಮೆ ಮಾಡಿ. «ಸರ್ಕಲ್» ಅಷ್ಟೇ. ಆಮೇಲೆ ಅದೂ ಬೇಡ. ಆದರೆ ಮೈಕ್ ಇಟ್ಟು ನೀರು ಕುಡಿಯಲು ಹೋಗಬೇಡಿ, ಕಣ್ಣು ಸಾಲಿನ ಮೇಲಿರಲಿ. ಹೊಸ ಜೋಡಿಯೊಂದು ಸಾಲಿನ ತುದಿಯಿಂದ ಮತ್ತೆ ಒಳಗೆ ಬರುವ ಹೊತ್ತಿಗೆ ಒಂದು ಕಾಲ್ ಕೊಟ್ಟರೆ ಅವರಿಗೆ ಜೀವ ಬರುತ್ತದೆ.

ಮನೆಯಲ್ಲಿ ಅಭ್ಯಾಸಕ್ಕೆ ಬಾಯಿಪಾಠ ಸಾಲದು. ಮೇಜಿನ ಮೇಲೆ ನಾಲ್ಕು ಲೋಟ ಇಟ್ಟುಕೊಂಡು, ಎರಡೆರಡು ಒಂದೊಂದು ಬಣ್ಣದವು, ಚಲನೆಗಳ ಪ್ರಕಾರ ಸರಿಸಿ. ಡಾನ್ಸ್ ಮುಗಿದಾಗ ಎಲ್ಲಿ ನಿಂತಿರುತ್ತಾರೆ ಎಂದು ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ರೆಕಾರ್ಡ್ ಹಾಕಿ ಜೋರಾಗಿ ಕೂಗಿ. ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಕೇಳಿ. ಮುಜುಗರ ಆಗುತ್ತದೆ, ಆಗಲಿ.

ಪ್ರಶ್ನೆ: ನಮ್ಮಲ್ಲಿ ಅರ್ಧ ಜನ ಮೊದಲ ಸಲ ಬಂದವರು. ವಾಕ್-ಥ್ರೂ ಉದ್ದ ಮಾಡಿದರೆ ಹಳಬರು ಗೊಣಗುತ್ತಾರೆ, ಚಿಕ್ಕದು ಮಾಡಿದರೆ ಹೊಸಬರು ಕಂಗಾಲು. ಯಾರ ಮಾತು ಕೇಳಲಿ?

ಇಬ್ಬರ ಮಾತನ್ನೂ ಕೇಳಬೇಡಿ, ಡಾನ್ಸ್ ಬದಲಿಸಿ. ಎರಡು ವಾಕ್-ಥ್ರೂ ಆದ ಮೇಲೂ ಇನ್ನೂ ವಿವರಿಸಬೇಕು ಅನ್ನಿಸಿದರೆ ಆ ಡಾನ್ಸ್ ಆ ಕೋಣೆಗೆ ತಕ್ಕದ್ದಲ್ಲ. ಹೊಸಬರಿಗೆ ಸಂಜೆ ಶುರುವಾಗುವ ಅರ್ಧ ಗಂಟೆ ಮುಂಚೆ ಪಾಠ ಇಡುವ ರೂಢಿ ಇದೆಯಲ್ಲ, ಅಲ್ಲಿ ಇಪ್ಪತ್ತು ಚಲನೆ ಕಲಿಸಲು ಹೋಗುತ್ತಾರೆ. ಬೇಡ. ಸ್ವಿಂಗ್‌ನಲ್ಲಿ ನಿಮ್ಮ ಭಾರ ನೀವೇ ಹೊರುವುದು, ತಲೆ ಸುತ್ತಿದರೆ ಎದುರಿನವರ ಮುಖ ನೋಡುವುದು, ಸಾಲಿನ ತುದಿಗೆ ಬಂದಾಗ ಏನು ಮಾಡುವುದು, ಇಷ್ಟು ಹೇಳಿದರೆ ಬೇಕಾದಷ್ಟಾಯಿತು.

ತುದಿಯ ವಿಷಯ ಮಾತ್ರ ಮರೆಯಬೇಡಿ. ತುದಿಗೆ ಬಂದು ಎದುರಿಗೆ ಯಾರೂ ಸಿಗದ ಜೋಡಿ ಒಂದು ಸುತ್ತು ಹೊರಗೆ ನಿಲ್ಲುತ್ತದೆ, ಸಾಮಾನ್ಯ ಕಾಂಟ್ರಾದಲ್ಲಿ ಆಗ ಇಬ್ಬರೂ ಪರಸ್ಪರ ಜಾಗ ಬದಲಿಸಿಕೊಂಡು ಕಾಯಬೇಕು. ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಜೋಡಿ ಜಾಗ ಬದಲಿಸದೆ ಒಳಗೆ ಬರುತ್ತದೆ, ಇಬ್ಬರೂ ತಪ್ಪು ಪಾತ್ರದಲ್ಲಿ ಸಿಕ್ಕಿಕೊಳ್ಳುತ್ತಾರೆ, ಆ ಗೊಂದಲ ಸಾಲಿನುದ್ದಕ್ಕೂ ಅವರ ಜೊತೆಯೇ ಸಾಗುತ್ತದೆ. ಸಾಲು ಮಧ್ಯದಲ್ಲಿ ಕುಸಿದರೆ ಅದರ ಬೇರು ಹೆಚ್ಚಾಗಿ ತುದಿಯಲ್ಲೇ ಇರುತ್ತದೆ.

ಹಳಬರ ಬಗ್ಗೆ ಒಂದು ಮಾತು. ಮೊದಲ ಡಾನ್ಸ್‌ಗೆ ಹಳಬರೆಲ್ಲ ತಮ್ಮತಮ್ಮಲ್ಲೇ ಜೋಡಿಯಾಗಿ ವೇದಿಕೆಗೆ ಹತ್ತಿರದ ಸಾಲಿಗೆ ಸೇರಿಕೊಳ್ಳುತ್ತಾರೆ, ಹೊಸಬರು ಗೋಡೆ ಪಕ್ಕದ ಸಾಲಿನಲ್ಲಿ ಉಳಿಯುತ್ತಾರೆ, ಆಮೇಲೆ «ಇವತ್ತು ಸಾಲು ಸರಿ ಹೋಗಲಿಲ್ಲ» ಅಂತ ಕಾಲರ್ ಮೇಲೆ ದೂರು. «ಹ್ಯಾಂಡ್ಸ್ ಫೋರ್» (ನಾಲ್ಕು ನಾಲ್ಕು ಜನ ಕೈಹಿಡಿದು ಗುಂಪಾಗಿ) ಹೇಳುವ ಮುಂಚೆಯೇ, ನಗುತ್ತಾ, ಹೊಸಬರೊಬ್ಬರ ಜೊತೆ ಕುಣಿಯಿರಿ ಅಂತ ಕೇಳಿ. ಮಾಡುತ್ತಾರೆ. ಕೇಳದಿದ್ದರೆ ಮಾಡುವುದಿಲ್ಲ.

ಪ್ರಶ್ನೆ: ಲಾರ್ಕ್, ರಾಬಿನ್ ಎನ್ನಬೇಕೋ ಜಂಟ್ಸ್, ಲೇಡೀಸ್ ಎನ್ನಬೇಕೋ?

ಆಯೋಜಕರನ್ನು ಕೇಳಿ, ಅವರು ಹೇಳಿದ್ದನ್ನೇ ಸಂಜೆಯುದ್ದಕ್ಕೂ ಬಳಸಿ. ಅಮೆರಿಕದ ಬಹಳ ಕಡೆ ಈಗ ಲಾರ್ಕ್-ರಾಬಿನ್ ಬಂದಿದೆ, ಯಾರು ಬೇಕಾದರೂ ಯಾವ ಪಾತ್ರವನ್ನಾದರೂ ಕುಣಿಯಬಹುದು, ಸ್ವಿಂಗ್ ಮುಗಿದಾಗ ಲಾರ್ಕ್ ಎಡಕ್ಕೆ, ರಾಬಿನ್ ಬಲಕ್ಕೆ. ಮಧ್ಯದಲ್ಲಿ ನಾಲಿಗೆ ಹೊರಳಿ ಹಳೆಯ ಪದ ಬರದಂತೆ ಕಾರ್ಡ್‌ಗಳನ್ನೇ ಹೊಸದಾಗಿ ಬರೆದುಕೊಳ್ಳಿ. ಹಾಗೇ, ಕಣ್ಣಲ್ಲಿ ಕಣ್ಣಿಟ್ಟು ಸುತ್ತುವ ಚಲನೆಯ ಹಳೆಯ ಹೆಸರು «ಜಿಪ್ಸಿ» ರೋಮಾ ಜನರನ್ನು ನೋಯಿಸುತ್ತದೆ ಎಂದು ಬಹಳಷ್ಟು ಕಾಲರ್‌ಗಳು ಕೈಬಿಟ್ಟಿದ್ದಾರೆ, ಈಗ «ರೈಟ್ ಶೋಲ್ಡರ್ ರೌಂಡ್» ಎನ್ನುವುದೇ ಹೆಚ್ಚು.

ಪ್ರಶ್ನೆ: ಬ್ಯಾಂಡಿನವರ ಜೊತೆ ಏನು ಮಾತಾಡಬೇಕು? ನನಗೆ ಸಂಗೀತ ಓದಲು ಬರುವುದಿಲ್ಲ, ಅವರ ಮುಂದೆ ಹೆದರಿಕೆ.

ಸ್ವರಲಿಪಿ ಬರದಿದ್ದರೆ ಏನೂ ನಷ್ಟವಿಲ್ಲ. ಕಾರ್ಡ್ ತೋರಿಸಿ ಮೂರು ವಿಷಯ ಹೇಳಿ: ಬ್ಯಾಲೆನ್ಸ್ ಎಲ್ಲಿ ಬರುತ್ತದೆ, ಕುಣಿತ ನಯವಾಗಿದೆಯೋ ನೆಗೆತದ್ದೋ, ವೇಗ ಎಷ್ಟು. ರೀಲ್ ಬೇಕೋ ಜಿಗ್ ಬೇಕೋ (ಎರಡೂ ಬೇರೆ ಬೇರೆ ತಾಳದ ಟ್ಯೂನ್‌ಗಳು) ಅವರೇ ಆರಿಸುತ್ತಾರೆ, ಬಿ1ರ ಶುರುವಿನಲ್ಲಿ ಬ್ಯಾಲೆನ್ಸ್ ಇದೆ ಎಂದು ಗೊತ್ತಿದ್ದರೆ ಅಲ್ಲಿ ಒತ್ತು ಬೀಳುವ ಟ್ಯೂನ್ ತೆಗೆಯುತ್ತಾರೆ. ಹೊಸಬರು ಜಾಸ್ತಿ ಇದ್ದರೆ ವೇಗ ನಿಮಿಷಕ್ಕೆ 112 ಬೀಟ್ ಆಸುಪಾಸು ಇರಲಿ ಅಂತ ಕೇಳಲು ಸಂಕೋಚ ಬೇಡ. ಶುರುವಿಗೆ ಪಿಟೀಲಿನವರು ನಾಲ್ಕು ಬೀಟ್ ಕೊಡುತ್ತಾರೆ, ಅದಕ್ಕೆ «ಫೋರ್ ಪೊಟೇಟೋಸ್» ಎನ್ನುತ್ತಾರೆ. ನಿಮ್ಮ ಮೊದಲ ಕಾಲ್ ಆ ನಾಲ್ಕು ಬೀಟ್ ಮೇಲೆಯೇ ಕೂರಬೇಕು. ಮುಗಿಸಲು ಇನ್ನು ಎಷ್ಟು ಸುತ್ತು ಎಂದು ಬೆರಳು ತೋರಿಸುವ ಸನ್ನೆ ಮುಂಚೆಯೇ ಮಾತಾಡಿಕೊಳ್ಳಿ, ಎರಡು ಬೆರಳು ಅಂದರೆ ಈಗ ನಡೆಯುತ್ತಿರುವುದು ಸೇರಿಯೋ ಬಿಟ್ಟೋ ಎನ್ನುವುದನ್ನೂ ಸೇರಿಸಿ. ಈ ಒಂದು ವಿಷಯಕ್ಕೆ ಎಷ್ಟು ಡಾನ್ಸ್‌ಗಳ ಕೊನೆ ಕೆಟ್ಟಿವೆಯೋ!

ಪ್ರಶ್ನೆ: ಸಾಲು ಪೂರ್ತಿ ಮುರಿದು ಬಿದ್ದರೆ ಸಂಗೀತ ನಿಲ್ಲಿಸಬೇಕಾ?

ನಾಲ್ವರು ಮಾತ್ರ ದಾರಿ ತಪ್ಪಿದ್ದರೆ ಬಿಟ್ಟುಬಿಡಿ, ಮುಂದಿನ ಸುತ್ತಿಗೆ ಸರಿಹೋಗುತ್ತಾರೆ. ಒಂದು ಸಾಲೇ ಕುಸಿದರೆ ಎಲ್ಲಿ ತಪ್ಪಾಯಿತು ಎಂದು ವಿವರಿಸಬೇಡಿ, ಎಲ್ಲಿ ಸೇರಿಕೊಳ್ಳಬೇಕು ಎಂದು ಹೇಳಿ. ಜೊತೆಗಾರರ ಸ್ವಿಂಗ್ ಇದಕ್ಕೆ ಒಳ್ಳೆಯ ಜಾಗ: «ಜೊತೆಗಾರರನ್ನು ಹುಡುಕಿ, ಸ್ವಿಂಗ್!» 16 ಬೀಟ್ ಸಿಗುತ್ತದೆ, ಅಷ್ಟರಲ್ಲಿ ಎಲ್ಲರೂ ತಮ್ಮ ಕಡೆ ಬಂದು ನಿಂತಿರುತ್ತಾರೆ, ಅಲ್ಲಿಂದ ಮತ್ತೆ ಪೂರ್ತಿ ಕಾಲ್ ಶುರು ಮಾಡಿ. ಇದೂ ಒಂದು ಕಾರಣ, ಮೊದಲ ಕೆಲವು ಡಾನ್ಸ್‌ಗಳಲ್ಲಿ ಜೊತೆಗಾರರ ಸ್ವಿಂಗ್ 16 ಬೀಟ್‌ನದ್ದೇ ಇರಲಿ ಅನ್ನುವುದಕ್ಕೆ. ಇಡೀ ಹಾಲ್ ಕುಸಿದರೆ ಬ್ಯಾಂಡ್ ನಿಲ್ಲಿಸಿ, ಯಾರನ್ನೂ ದೂರಬೇಡಿ, ಜೇಬಿನಿಂದ ಸುಲಭದ ಕಾರ್ಡ್ ತೆಗೆದು ಅದೇ ಸಾಲುಗಳಲ್ಲಿ ಬೇರೆ ಡಾನ್ಸ್ ಶುರು ಮಾಡಿ.