ಮ್ಯಾನೇಜರ್ ಇರಬೇಕೋ, ಹೋಗಬೇಕೋ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಓದುಗರೊಬ್ಬರ ಪತ್ರ: "ಡಲ್ಲಾಸ್ ಮ್ಯಾವರಿಕ್ಸ್ ತಂಡ ಜನರಲ್ ಮ್ಯಾನೇಜರ್ (ಆಟಗಾರರನ್ನು ತರುವ, ಕಳಿಸುವ ಅಧಿಕಾರಿ) ನಿಕೊ ಹ್ಯಾರಿಸನ್ ಅವರನ್ನು ತೆಗೆದದ್ದು ಸರಿ ಎಂದು ಬರೆದಿದ್ದೀರಿ. ಅದೇ ಲೇಖನದಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡ ಸ್ಯಾಮ್ ಪ್ರೆಸ್ಟಿ ಅವರನ್ನು ವರ್ಷಗಟ್ಟಲೆ ಉಳಿಸಿಕೊಂಡದ್ದನ್ನು ಹೊಗಳಿದ್ದೀರಿ. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದಾ? ಹ್ಯಾರಿಸನ್ 2024ರಲ್ಲಿ ತಂಡವನ್ನು ಫೈನಲ್‌ಗೆ ತಂದವರು. ಗಾಯಗೊಂಡ ಆಟಗಾರರು ವಾಪಸ್ ಬರುವ ತನಕವಾದರೂ ಕಾಯಬಹುದಿತ್ತು ಅಲ್ವಾ? ಹೋಗಲಿ, ಅವರ ಜಾಗಕ್ಕೆ ಬರುವವರಾದರೂ ಏನು ಮಾಡಲು ಸಾಧ್ಯ?"

ಸಂಪಾದಕರ ಉತ್ತರ:

ಪತ್ರ ಖಾರವಾಗಿದೆ, ಆದರೆ ಕೇಳಿರುವುದು ಸರಿಯಾದ ಪ್ರಶ್ನೆ. ನೀವು ಹೇಳಿದ್ದರಲ್ಲಿ ಒಪ್ಪುವಂಥದ್ದನ್ನು ಮೊದಲು ಒಪ್ಪಿಬಿಡುತ್ತೇನೆ.

ಹ್ಯಾರಿಸನ್ ಅವರನ್ನು 2025ರ ನವೆಂಬರ್ 11ರಂದು ತೆಗೆದಾಗ ತಂಡ ಮೂರು ಪಂದ್ಯ ಗೆದ್ದು ಎಂಟು ಸೋತಿತ್ತು. ಎನ್‌ಬಿಎ ಋತುವಿನಲ್ಲಿ ಪ್ರತಿ ತಂಡಕ್ಕೂ 82 ಪಂದ್ಯ. ಬರೀ ಹನ್ನೊಂದು ಪಂದ್ಯ ನೋಡಿ ಯಾರ ಹಣೆಬರಹವನ್ನೂ ಬರೆಯಬಾರದು. ತಂಡದ ತಾರೆ ಕೈರಿ ಅರ್ವಿಂಗ್ ಮಾರ್ಚ್‌ನಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಕೂತಿದ್ದರು. ಅದು ಮ್ಯಾನೇಜರ್ ತಪ್ಪಲ್ಲ. ಹ್ಯಾರಿಸನ್ ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಮಾಡಿ ತಂದ ಆಂಥನಿ ಡೇವಿಸ್ ಡಲ್ಲಾಸ್ ಪರ ಆಡಿದ ಮೊದಲ ಪಂದ್ಯದಲ್ಲೇ ಗಾಯಗೊಂಡರು. ಅದನ್ನೂ ಬಿಡೋಣ. (ಡೇವಿಸ್‌ಗೆ ಗಾಯಗಳ ಕಾಟ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ, ಅದು ಬೇರೆ ಮಾತು.)

ಆದರೆ ಕೆಟ್ಟ ಅದೃಷ್ಟವನ್ನು ಲೆಕ್ಕಕ್ಕೆ ತಗೊಳ್ಳಬಾರದು ಅಂದಮೇಲೆ ಒಳ್ಳೆಯ ಅದೃಷ್ಟವನ್ನೂ ತಗೊಳ್ಳುವ ಹಾಗಿಲ್ಲ. ಲೀಗ್‌ಗೆ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. ಮೊದಲ ಸರದಿ ಯಾರದ್ದು ಅನ್ನುವುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. 2025ರ ಲಾಟರಿಯಲ್ಲಿ ಡಲ್ಲಾಸ್‌ಗೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಇದ್ದದ್ದು ಶೇ. 1.8 ಮಾತ್ರ. ಸಿಕ್ಕಿತು, ಯುವ ಆಟಗಾರ ಕೂಪರ್ ಫ್ಲ್ಯಾಗ್ ಬಂದರು. ಅದರಲ್ಲಿ ಮ್ಯಾನೇಜರ್ ಸಾಧನೆ ಏನೂ ಇಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ಅವರ ನಿರ್ಧಾರಗಳನ್ನು, ಅದಕ್ಕಿಂತ ಹೆಚ್ಚಾಗಿ ಆ ನಿರ್ಧಾರಗಳನ್ನು ತಗೊಂಡ ರೀತಿಯನ್ನು. ಡಲ್ಲಾಸ್‌ನ ದೊಡ್ಡ ತಾರೆ ಲೂಕಾ ಡಾನ್ಸಿಚ್‌ಗೆ 2025ರ ಆರಂಭದಲ್ಲಿ 25 ವರ್ಷ. ಸತತ ಐದು ವರ್ಷ ಲೀಗ್‌ನ ಅತ್ಯುತ್ತಮ ಐವರ ಪಟ್ಟಿಯಲ್ಲಿದ್ದ ಹುಡುಗ. 2025ರ ಫೆಬ್ರವರಿ ಮೊದಲ ವಾರಾಂತ್ಯದ ರಾತ್ರಿ ಅವರು ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ಪಾಲಾದರು. ಬದಲಿಗೆ ಡಲ್ಲಾಸ್‌ಗೆ ಸಿಕ್ಕವರಲ್ಲಿ ಮುಖ್ಯವಾಗಿ ಇಬ್ಬರು: 31 ದಾಟಿದ ಡೇವಿಸ್ ಮತ್ತು ಮ್ಯಾಕ್ಸ್ ಕ್ರಿಸ್ಟಿ. ಜೊತೆಗೆ 2029ರ ಡ್ರಾಫ್ಟ್‌ನಲ್ಲಿ ಲೇಕರ್ಸ್‌ಗಿದ್ದ ಮೊದಲ ಸುತ್ತಿನ ಒಂದೇ ಒಂದು ಆಯ್ಕೆ. ಡಾನ್ಸಿಚ್‌ರನ್ನು ಕಳಿಸಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ರಕ್ಷಣೆ ಗಟ್ಟಿಯಿದ್ದರೆ ಪ್ರಶಸ್ತಿ ಬರುತ್ತದೆ ಎಂದು ಹ್ಯಾರಿಸನ್ ನಂಬಿದ್ದರು, ಆ ನಂಬಿಕೆ ಇಟ್ಟುಕೊಳ್ಳಲಿ. ಆದರೆ ಮಾತುಕತೆ ಗುಟ್ಟಾಗಿ ಲೇಕರ್ಸ್ ಜೊತೆಗಷ್ಟೇ ನಡೆಯಿತು. ಮನೆ ಮಾರುವವರೂ ನಾಲ್ಕು ಕಡೆ ಬೆಲೆ ಕೇಳಿ ಮಾರುತ್ತಾರೆ. ಲೀಗ್‌ನಲ್ಲಿ ಮೂವತ್ತು ತಂಡಗಳಿವೆ. ಎಲ್ಲರೂ ಪೈಪೋಟಿಗೆ ಬಿದ್ದಿದ್ದರೆ ಏನು ಸಿಗುತ್ತಿತ್ತು ಅನ್ನುವುದು ಯಾರಿಗೂ ಗೊತ್ತಾಗಲೇ ಇಲ್ಲ.

ಈಗ ಪ್ರೆಸ್ಟಿ ಕಡೆ ಬನ್ನಿ. 2019ರ ಬೇಸಿಗೆಯಲ್ಲಿ ಥಂಡರ್ ತಾರೆ ಪಾಲ್ ಜಾರ್ಜ್ ತನ್ನನ್ನು ಕ್ಲಿಪ್ಪರ್ಸ್ ತಂಡಕ್ಕೆ ಕಳಿಸಿ ಎಂದು ಕೇಳಿದರು. ಜಾರ್ಜ್ ಬಂದರೆ ಇನ್ನೊಬ್ಬ ತಾರೆ ಕವಾಯ್ ಲೆನರ್ಡ್ ಕೂಡ ಬರುತ್ತಾರೆ, ಹಾಗಾಗಿ ಕ್ಲಿಪ್ಪರ್ಸ್‌ಗೆ ಅವರು ಬೇಕೇ ಬೇಕಿತ್ತು. ಆ ಗರಜು ಎಷ್ಟು ಅಂತ ಪ್ರೆಸ್ಟಿಗೆ ಗೊತ್ತಿತ್ತು. ಶೇ ಗಿಲ್ಜಸ್-ಅಲೆಕ್ಸಾಂಡರ್, ಡ್ಯಾನಿಲೊ ಗ್ಯಾಲಿನಾರಿ, ಮೊದಲ ಸುತ್ತಿನ ಐದು ಆಯ್ಕೆಗಳು, ಮೇಲೆ ಇನ್ನೆರಡು ಆಯ್ಕೆಗಳನ್ನು, ತಮ್ಮದಕ್ಕಿಂತ ಒಳ್ಳೆಯವಾಗಿದ್ದರೆ, ಅದಲುಬದಲು ಮಾಡಿಕೊಳ್ಳುವ ಹಕ್ಕು. ಇಷ್ಟನ್ನೂ ಬಾಚಿಕೊಂಡರು.

ಆಮೇಲಿನ ವರ್ಷಗಳು ನೋಡುವ ಹಾಗಿರಲಿಲ್ಲ. 2020-21ರ ಮೊಟಕಾದ ಋತುವಿನಲ್ಲಿ 22 ಗೆಲುವು, 50 ಸೋಲು. ಮರುವರ್ಷ 24 ಗೆಲುವು, 58 ಸೋಲು. 2021ರ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ ಥಂಡರ್ 79ಕ್ಕೆ 152 ಅಂಕಗಳಿಂದ ಸೋತಿತು. 73 ಅಂಕಗಳ ಅಂತರ, ಎನ್‌ಬಿಎ ಚರಿತ್ರೆಯಲ್ಲೇ ದೊಡ್ಡದು. ಸ್ಕೋರ್ ಬೋರ್ಡ್ ಒಂದನ್ನೇ ನೋಡುವ ಮಾಲೀಕನಾಗಿದ್ದರೆ ಅವತ್ತು ರಾತ್ರಿಯೇ ಮ್ಯಾನೇಜರ್ ಕೈಗೆ ಚೀಟಿ ಕೊಡುತ್ತಿದ್ದ. ಅಲ್ಲಿ ಹಾಗಾಗಲಿಲ್ಲ. ಕ್ಲಿಪ್ಪರ್ಸ್‌ನಿಂದ ಬಂದ ಆಯ್ಕೆಗಳಲ್ಲಿ ಒಂದರಿಂದ ಮರುವರ್ಷವೇ ಜೇಲನ್ ವಿಲಿಯಮ್ಸ್ ಎಂಬ ಆಟಗಾರ ಸಿಕ್ಕರು. 2024-25ರಲ್ಲಿ ತಂಡ 68 ಪಂದ್ಯ ಗೆದ್ದು ಚಾಂಪಿಯನ್ ಆಯಿತು.

ಪ್ರೆಸ್ಟಿ ತಪ್ಪೇ ಮಾಡದವರೇನಲ್ಲ. 2012ರಲ್ಲಿ, ಮುಂದೆ ದೊಡ್ಡ ತಾರೆಯಾದ ಜೇಮ್ಸ್ ಹಾರ್ಡನ್‌ರನ್ನು ಹ್ಯೂಸ್ಟನ್‌ಗೆ ಕಳಿಸಿಕೊಟ್ಟವರು ಅವರೇ. ಕಾಯುವುದೇ ದೊಡ್ಡ ಗುಣ ಅಂತಲೂ ತಿಳಿಯಬೇಡಿ. ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಆಗಿದ್ದ ಸ್ಯಾಮ್ ಹಿಂಕಿ ಕೂಡ ಸೋಲುತ್ತಲೇ ಕಾಯಿರಿ ಎಂದವರು. ಮೂರನೇ ವರ್ಷ ತಂಡ 82ರಲ್ಲಿ ಗೆದ್ದದ್ದು ಬರೀ ಹತ್ತು ಪಂದ್ಯ. ಕೊನೆಗೆ 2016ರ ಏಪ್ರಿಲ್‌ನಲ್ಲಿ ಅವರೇ ರಾಜೀನಾಮೆ ಕೊಟ್ಟರು.

ನಾಳೆ ಇನ್ನೊಂದು ದೊಡ್ಡ ಟ್ರೇಡ್ ಮಾತು ಬಂದರೆ ಈ ವ್ಯಕ್ತಿಯನ್ನು ನಂಬಿ ಫೋನ್ ಕೈಗೆ ಕೊಡುತ್ತೀರಾ? ನನ್ನ ಅಳತೆ ಇಷ್ಟೇ. ಪ್ರೆಸ್ಟಿಗೆ 73 ಅಂಕಗಳಿಂದ ಸೋತ ರಾತ್ರಿಯೂ ಕೊಡಬಹುದಿತ್ತು. ಹ್ಯಾರಿಸನ್‌ಗೆ ಆ ಫೆಬ್ರವರಿಯ ನಂತರ ಕೊಡುವ ಹಾಗಿರಲಿಲ್ಲ.

ಹಾಗಾದರೆ ಮಿನೆಸೋಟ ತಂಡದ ಕಥೆ ಏನು, ಅಂತ ನೀವು ಕೇಳಬಹುದು. 2022ರಲ್ಲಿ ಅಲ್ಲಿ ಆ ಕೆಲಸ ನೋಡುತ್ತಿದ್ದ ಟಿಮ್ ಕಾನಲಿ, ಆಟಗಾರ ರೂಡಿ ಗೊಬೇರ್‌ಗಾಗಿ ಮೊದಲ ಸುತ್ತಿನ ನಾಲ್ಕು ಆಯ್ಕೆಗಳನ್ನು ಕೊಟ್ಟಾಗ ಲೀಗ್ ಪೂರ್ತಿ ನಕ್ಕಿತ್ತು. 2024 ಮತ್ತು 2025ರಲ್ಲಿ ಆ ತಂಡ ಪಶ್ಚಿಮ ವಿಭಾಗದ ಫೈನಲ್ ಆಡಿತು. ನಿಜ. ಆದರೆ ಕಾನಲಿ ತಂಡದ ತಾರೆ ಆಂಥನಿ ಎಡ್ವರ್ಡ್ಸ್‌ರನ್ನು ಮುಟ್ಟಲಿಲ್ಲ. ಇರುವ ಒಬ್ಬ ದೊಡ್ಡ ಆಟಗಾರನ ಸುತ್ತ ಜೂಜಾಡುವುದು ಬೇರೆ, ಅವನನ್ನೇ ಪಣಕ್ಕಿಡುವುದು ಬೇರೆ.

ಇನ್ನು ಡಲ್ಲಾಸ್ ಮಾಲೀಕರ ಮೇಲೆ ನನಗಿರುವ ಸಿಟ್ಟು ನಿಮ್ಮದಕ್ಕಿಂತ ಜಾಸ್ತಿಯೇ ಇದೆ. ತೆಗೆದದ್ದಕ್ಕಲ್ಲ, ನವೆಂಬರ್‌ವರೆಗೆ ಎಳೆದದ್ದಕ್ಕೆ. ಆ ಟ್ರೇಡ್‌ಗೆ ಒಪ್ಪಿಗೆ ಕೊಟ್ಟವರು ತಂಡದ ಮುಖ್ಯಸ್ಥ ಪ್ಯಾಟ್ರಿಕ್ ಡ್ಯೂಮಾಂಟ್. 2025ರ ಏಪ್ರಿಲ್ 9ರಂದು ಡಾನ್ಸಿಚ್ ಲೇಕರ್ಸ್ ಅಂಗಿ ಹಾಕಿಕೊಂಡು ಡಲ್ಲಾಸ್‌ಗೆ ಬಂದರು. ಹಳೆಯ ದೃಶ್ಯಗಳ ವಿಡಿಯೋ ನೋಡುತ್ತಾ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡರು, ಆಮೇಲೆ ಎದ್ದುಹೋಗಿ 45 ಅಂಕ ಹೊಡೆದರು. ಮ್ಯಾನೇಜರನ್ನು ಕಿತ್ತುಹಾಕಿ ಎಂಬ ಕೂಗು ಅವತ್ತೇ ಕ್ರೀಡಾಂಗಣದ ತುಂಬ ಇತ್ತು. ಅಲ್ಲಿಂದ ನವೆಂಬರ್‌ವರೆಗೆ ಹೊಸದಾಗಿ ಗೊತ್ತಾದದ್ದು ಏನು? ಏನೂ ಇಲ್ಲ. ಕೂಗು ಇನ್ನಷ್ಟು ಜೋರಾಯಿತು, ಅಷ್ಟೇ. ತೆಗೆಯುವುದಾದರೆ ಏಪ್ರಿಲ್‌ನಲ್ಲೇ ತೆಗೆಯಬೇಕಿತ್ತು. ಜೂನ್‌ನ ಡ್ರಾಫ್ಟ್, ಬೇಸಿಗೆಯ ಒಪ್ಪಂದಗಳು ಎಲ್ಲವನ್ನೂ ಹೊಸಬರು ಮಾಡುತ್ತಿದ್ದರು. ನಂಬಿಕೆ ಇಲ್ಲದವರ ಕೈಯಲ್ಲಿ ಇಡೀ ಬೇಸಿಗೆ ಕೊಟ್ಟು, ಹನ್ನೊಂದನೇ ಪಂದ್ಯಕ್ಕೆ ಮನೆಗೆ ಕಳಿಸುವುದು ಯಾವ ಲೆಕ್ಕ?

ಅರ್ಧ ಮನಸ್ಸಿನಿಂದ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಅಪಾಯ. ನಾಳೆ ಇರುತ್ತೇನೋ ಇಲ್ಲವೋ ಎನ್ನುವ ಮ್ಯಾನೇಜರ್ ಇವತ್ತಿನ ಗೆಲುವಿಗಾಗಿ ನಾಳೆಯನ್ನು ಮಾರುತ್ತಾನೆ. ಏಳು ವರ್ಷ ಮುಂದಿನ ಡ್ರಾಫ್ಟ್ ಆಯ್ಕೆಗಳವರೆಗೂ ಮಾರಲು ಲೀಗ್ ಬಿಡುತ್ತದೆ. ಸತತ ಎರಡು ವರ್ಷ ಮೊದಲ ಸುತ್ತಿನ ಆಯ್ಕೆ ಕೈತಪ್ಪುವ ಹಾಗೆ ಮಾರಬಾರದು ಎಂಬ ನಿಯಮ ಇದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಮಾಡಿದ ಅವಾಂತರ ನೋಡಿ ಬಂದ ನಿಯಮ ಅದು. ಅದರೊಳಗೇ ಎಷ್ಟು ಹಾಳು ಮಾಡಬಹುದು ಅನ್ನುವುದನ್ನು ಬ್ರೂಕ್ಲಿನ್‌ನ ನೆಟ್ಸ್ ತಂಡ ತೋರಿಸಿತು. ಮಾಲೀಕ ಮಿಖಾಯಿಲ್ ಪ್ರೊಖೊರೊವ್ 2010ರಲ್ಲಿ ಬಂದವರೇ ಐದು ವರ್ಷದಲ್ಲಿ ಪ್ರಶಸ್ತಿ ಬೇಕು ಎಂದಿದ್ದರು. 2013ರಲ್ಲಿ ಮ್ಯಾನೇಜರ್ ಬಿಲ್ಲಿ ಕಿಂಗ್, 37ರ ಕೆವಿನ್ ಗಾರ್ನೆಟ್ ಮತ್ತು 35ರ ಪಾಲ್ ಪಿಯರ್ಸ್‌ಗಾಗಿ ಬಾಸ್ಟನ್‌ಗೆ ಮೊದಲ ಸುತ್ತಿನ ಮೂರು ಆಯ್ಕೆ ಕೊಟ್ಟು, ನಾಲ್ಕನೆಯದಕ್ಕೆ ಅದಲುಬದಲಿನ ಹಕ್ಕನ್ನೂ ಕೊಟ್ಟರು. ಅದರಿಂದ ಬಾಸ್ಟನ್‌ಗೆ ಜೇಲನ್ ಬ್ರೌನ್ ಸಿಕ್ಕರು, ಇನ್ನೊಂದು ಟ್ರೇಡ್ ದಾಟಿ ಜೇಸನ್ ಟೇಟಮ್ ಕೂಡ ಬಂದರು. 2024ರ ಫೈನಲ್‌ನಲ್ಲಿ ಡಲ್ಲಾಸ್‌ನ್ನು ಮಣಿಸಿದ್ದು ಇದೇ ಜೋಡಿ. ಕಿಂಗ್ 2016ರ ಜನವರಿಯಲ್ಲಿ ಹುದ್ದೆ ಕಳೆದುಕೊಂಡರು. ಸಾಲ ತೀರಿಸುವ ಕೆಲಸ ಮುಂದೆ ಬಂದವರ ತಲೆಗೆ ಬಿತ್ತು.

ನಿಮ್ಮ ಕೊನೆಯ ಪ್ರಶ್ನೆಗೂ ಇದೇ ಸಂಬಂಧ. ಹ್ಯಾರಿಸನ್ ಹೋಗುವ ಹೊತ್ತಿಗೆ ಡಲ್ಲಾಸ್‌ನ ಸ್ವಂತ ಮೊದಲ ಸುತ್ತಿನ ಆಯ್ಕೆಗಳ ಸ್ಥಿತಿ ಕೇಳಿ. 2027ರದ್ದು ಮೊದಲ ಎರಡು ಸ್ಥಾನದೊಳಗೆ ಬಾರದಿದ್ದರೆ ಶಾರ್ಲೆಟ್‌ಗೆ. 2028ರಲ್ಲಿ ಅದಲುಬದಲಿನ ಹಕ್ಕು ಒಕ್ಲಹೋಮ ಸಿಟಿಗೆ. 2029ರದ್ದು ಬೇರೆಯವರ ಪಾಲು. 2030ರಲ್ಲಿ ಮತ್ತೆ ಅದಲುಬದಲು, ಸ್ಯಾನ್ ಆಂಟೋನಿಯೊ ಜೊತೆ. ಫೈನಲ್ ತಲುಪಲು ಕೊಟ್ಟ ಬೆಲೆ ಇದು. ಅದು ದುಬಾರಿಯಾದರೂ ಡಾನ್ಸಿಚ್ ಇದ್ದಾಗ ಅರ್ಥವಿತ್ತು. ಹ್ಯಾರಿಸನ್ ಹೋದಾಗ ಉಳಿದದ್ದು ಆಗಿನ್ನೂ 19 ತುಂಬದ ಫ್ಲ್ಯಾಗ್. ಹೊಸ ಮ್ಯಾನೇಜರ್ ಆ ಹುಡುಗನ ವಯಸ್ಸಿಗೆ ತಕ್ಕ ತಂಡ ಕಟ್ಟಬೇಕು, ಡೇವಿಸ್ ವಯಸ್ಸಿಗಲ್ಲ. 2030ರವರೆಗಿನ ಸ್ವಂತ ಆಯ್ಕೆಗಳಲ್ಲಿ ಆಗ ಪೂರ್ತಿಯಾಗಿ ಕೈಯಲ್ಲಿದ್ದದ್ದು 2026ರದ್ದು ಒಂದೇ. ಯಾರು ಕೇಳಿದರೂ ಕೊಡದೆ ಉಳಿಸಿಕೊಳ್ಳಬೇಕಾದದ್ದು ಅದನ್ನೇ.