ಅಮೆಜಾನಿನ ಬೇರು, ಸಹ್ಯಾದ್ರಿಯ ಬಳ್ಳಿ

ಪ್ರಶ್ನೆ: ನಮ್ಮ ಅಡಿಕೆ ತೋಟದ ತಗ್ಗಿನಲ್ಲಿ ಸೊರಗು ರೋಗದಿಂದ ಮೆಣಸಿನ ಬಳ್ಳಿಗಳೆಲ್ಲ ಸತ್ತುಹೋದವು. ಈಗ ಅಲ್ಲಿ ಬ್ರೆಜಿಲ್ ಹಿಪ್ಪಲಿಗೆ ಕಸಿ ಮಾಡಿದ ಕಾಳುಮೆಣಸನ್ನು ನೆಟ್ಟಿದ್ದೇವೆ. ಅಷ್ಟು ದೂರದ ದೇಶದ ಗಿಡ ನಮ್ಮ ಬಳ್ಳಿಯೊಂದಿಗೆ ಕೂಡಿಕೊಳ್ಳುವುದು ಹೇಗೆ? ಕಾಳುಮೆಣಸಿನ ಮೂಲ ನಮ್ಮದೋ, ಅವರದೋ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಕಾಳುಮೆಣಸು ನಿಸ್ಸಂದೇಹವಾಗಿ ನಮ್ಮ ಪಶ್ಚಿಮ ಘಟ್ಟದ್ದು. ಆದರೆ ಅದು ಸೇರಿರುವ ಪೈಪರ್ ಕುಲ ಬಹಳ ದೊಡ್ಡದು, ಬಹಳ ಹಳೆಯದು. 1753ರಲ್ಲಿ ಲಿನೇಯಸ್ ಹೆಸರಿಟ್ಟ ಈ ಕುಲದಲ್ಲಿ ಇಂದು ಸುಮಾರು ಎರಡು ಸಾವಿರ ಪ್ರಭೇದಗಳಿವೆ. ನಮ್ಮ ಹಿಪ್ಪಲಿ, ವೀಳ್ಯದೆಲೆ, ಪೆಸಿಫಿಕ್ ದ್ವೀಪಗಳ ಕಾವಾ ಎಲ್ಲವೂ ಇದೇ ಬಳಗದವು. ಹಸಿಮೆಣಸು ಮಾತ್ರ ಈ ಬಳಗದ್ದಲ್ಲ. ಅದು ಬದನೆಯ ಕುಟುಂಬಕ್ಕೆ ಸೇರಿದ್ದು, ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದು ನಮ್ಮ ಮೆಣಸಿನ ಹೆಸರನ್ನೂ ಪಡೆಯಿತು.

ಪೈಪರ್ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿವೆ. ನಂತರದ ಸ್ಥಾನ ಏಷ್ಯಾದ್ದು. ಆಫ್ರಿಕದಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಕೊಲಂಬಿಯಾದಲ್ಲಿ ಸಿಕ್ಕಿರುವ ಪೈಪರ್ ಎಲೆಯ ಪಳೆಯುಳಿಕೆ ಕ್ರಿಟೇಷಿಯಸ್ ಯುಗದ ಕೊನೆಯ ಭಾಗದ್ದು, ಅಂದರೆ ಸುಮಾರು 7 ಕೋಟಿ ವರ್ಷ ಹಳೆಯದು. ಆಗ ಭೂಮಿಯ ಮೇಲೆ ಡೈನೋಸಾರ್‌ಗಳು ಇನ್ನೂ ಇದ್ದವು, ಭಾರತದ ಭೂಭಾಗವು ಸಾಗರದ ನಡುವೆ ಉತ್ತರಕ್ಕೆ ಸರಿಯುತ್ತಿತ್ತು, ಅದು ಏಷ್ಯಾಕ್ಕೆ ಬಂದು ತಾಗಿರಲಿಲ್ಲ. ಡಿಎನ್‌ಎ ಹೋಲಿಸಿ ನೋಡಿದಾಗಲೂ ಈ ಕುಲವು ಅಮೆರಿಕದ್ದು, ಏಷ್ಯಾದ್ದು, ದಕ್ಷಿಣ ಪೆಸಿಫಿಕ್‌ನದ್ದು ಎಂದು ಮೂರು ದೊಡ್ಡ ಕವಲುಗಳಾಗಿ ಒಡೆದಿರುವುದು ಕಾಣುತ್ತದೆ. ಪಶ್ಚಿಮ ಆಫ್ರಿಕದವರು ಅಡುಗೆಗೆ ಬಳಸುವ ಗಿನಿ ಮೆಣಸಂತೂ ನೆಲದಿಂದ ಆಫ್ರಿಕದ್ದಾದರೂ ವಂಶದಿಂದ ಏಷ್ಯಾದ ಕವಲಿಗೆ ಸೇರಿದೆ.

ಈ ಕವಲುಗಳ ವ್ಯತ್ಯಾಸವನ್ನು ನಿಮ್ಮ ತೋಟದಲ್ಲೇ ನೋಡಬಹುದು. ಅಮೆರಿಕದ ಪೈಪರ್‌ಗಳು ಹೆಚ್ಚಾಗಿ ನೆಟ್ಟಗೆ ನಿಲ್ಲುವ ಪೊದೆಗಳು, ಅವುಗಳ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುತ್ತವೆ. ಏಷ್ಯಾದವು ಬಹುತೇಕ ಗಂಟುಗಂಟಿಗೆ ಬೇರು ಬಿಟ್ಟು ಮರ ಹತ್ತುವ ಬಳ್ಳಿಗಳು, ಅವುಗಳಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಸೊಪ್ಪಿನ ಬೆಟ್ಟದಲ್ಲಿರುವ ಕಾಡುಮೆಣಸಿನ ಎಷ್ಟೋ ಬಳ್ಳಿಗಳು ವರ್ಷವೂ ಕರೆ (ಹೂವಿನ ತೆನೆ) ಬಿಟ್ಟು ಒಂದು ಕಾಳನ್ನೂ ಕಟ್ಟದಿರುವುದಕ್ಕೆ ಕಾರಣ ಇದೇ: ಅವು ಗಂಡು ಬಳ್ಳಿಗಳು. ಮಳೆ ಹಿಡಿದ ಮೇಲೆ ತೋಟದ ಮಲ್ಲಿಗೆಸರ ಎಂಬ ಮೆಣಸಿನ ತಳಿಯ ಎಳೆಯ ಕರೆಯೊಂದನ್ನು ಭೂತಗನ್ನಡಿಯಲ್ಲಿ ನೋಡಿ. ನಕ್ಷತ್ರದಂತೆ ಕವಲೊಡೆದ ಬಿಳಿಯ ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ), ಅದರ ಎರಡು ಪಕ್ಕಗಳಲ್ಲಿ ಗಂಡು ಭಾಗವಾದ ಒಂದೊಂದು ಪುಟ್ಟ ಕೇಸರ ಕಾಣುತ್ತವೆ. ಕಾಡಿನಲ್ಲಿ ಅಪರೂಪವಾದ ಇಂಥ ದ್ವಿಲಿಂಗಿ ಬಳ್ಳಿಗಳನ್ನು ಗುರುತಿಸಿ, ಕುಡಿ ನೆಟ್ಟು ಉಳಿಸಿಕೊಂಡವರು ನಮ್ಮ ಹಿರಿಯ ಕೃಷಿಕರು. ಕಾಳುಮೆಣಸಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುವಂತಾದದ್ದೂ ಈ ದುಡಿಮೆಯ ಬಲದಿಂದಲೇ.

ಇನ್ನು ಕಸಿಯ ವಿಷಯ. ನೀವು ಬ್ರೆಜಿಲ್ ಹಿಪ್ಪಲಿ ಎನ್ನುವ ಪೈಪರ್ ಕೊಲುಬ್ರಿನಮ್ ದಕ್ಷಿಣ ಅಮೆರಿಕದ ಜೌಗು ನೆಲದ ಗಿಡ. ನೀರು ನಿಂತರೂ ಅದರ ಬೇರು ಕೊಳೆಯುವುದಿಲ್ಲ, ಸೊರಗು ರೋಗ ತರುವ ಫೈಟಾಫ್ತೊರಾ ರೋಗಾಣುವನ್ನೂ ಅದು ತಡೆದುಕೊಳ್ಳುತ್ತದೆ. ಕೋಟ್ಯಂತರ ವರ್ಷ ಬೇರೆಯಾಗಿ ಬೆಳೆದರೂ ಕುಲ ಒಂದೇ ಆದ್ದರಿಂದ ಎರಡರ ಅಂಗಾಂಶಗಳು ಇನ್ನೂ ಬೆಸೆದುಕೊಳ್ಳಬಲ್ಲವು. ಆದರೂ ಈ ಬೆಸುಗೆ ಒಂದೇ ಪ್ರಭೇದದೊಳಗಿನ ಕಸಿಯಷ್ಟು ಗಟ್ಟಿಯಲ್ಲ. ಕೆಲವು ವರ್ಷಗಳಾದ ಮೇಲೆ ಕಸಿಯ ಗಂಟಿನಲ್ಲೇ ಗಿಡ ಸೋಲುವುದುಂಟು. ಬೇಸಿಗೆಯ ಒಣಗನ್ನೂ ಈ ಬೇರು ತಾಳುವುದಿಲ್ಲ. ಆದ್ದರಿಂದ ನೀರಿನ ತೇವ ಆರದ ನಿಮ್ಮ ತಗ್ಗಿನ ಜಾಗಕ್ಕೆ ಅದು ಸರಿ, ಮೇಲಿನ ದಿಬ್ಬಕ್ಕೆ ಬೇಡ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ, ನೆಲಕ್ಕೆ ಹಬ್ಬುವ ಮೆಣಸಿನ ಕುಡಿಗಳನ್ನು ಮಳೆಗಾಲಕ್ಕೆ ಮೊದಲೇ ಕತ್ತರಿಸಿ. ಅವು ಮಣ್ಣಿಗೆ ತಾಗಿ ಸ್ವಂತ ಬೇರು ಬಿಟ್ಟರೆ ರೋಗಕ್ಕೆ ಮತ್ತೆ ಅದೇ ಹಳೆಯ ದಾರಿ ಸಿಗುತ್ತದೆ.